‘ಚಾಲಕನ ನಿಯಂತ್ರಣ ತಪ್ಪಿ’: ವಿ.ಸಿ. ನಾಲೆಯ ಸಾವುಗಳಿಗೆ ಉತ್ತರ ಕೊಡಬೇಕಾದವರು ಯಾರು?

ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಗೆ (ವಿ.ಸಿ. ನಾಲೆ) ವಾಹನ ಬಿದ್ದಾಗಲೆಲ್ಲ ಸುದ್ದಿಯ ಮೊದಲ ಸಾಲು ಹೆಚ್ಚುಕಡಿಮೆ ಒಂದೇ: ‘ಚಾಲಕನ ನಿಯಂತ್ರಣ ತಪ್ಪಿ’. ಎಫ್‌ಐಆರ್‌ನಲ್ಲಿ ಅದು ‘ಅತಿ ವೇಗ ಮತ್ತು ಅಜಾಗರೂಕತೆಯ ಚಾಲನೆ’ ಆಗುತ್ತದೆ. ಚಾಲಕ ಬದುಕಿದ್ದರೆ ಅವನ ಮೇಲೆ ಕೇಸು. ಸತ್ತಿದ್ದರೆ, ಆರೋಪಿಯೇ ಇಲ್ಲವಲ್ಲ ಎಂದು ಕೇಸೂ ಅವನ ಜೊತೆಗೇ ಮುಗಿಯುತ್ತದೆ. ಅದೇ ಕಾರು, ಅದೇ ವೇಗದಲ್ಲಿ ಪಕ್ಕದ ಭತ್ತದ ಗದ್ದೆಗೆ ಇಳಿದಿದ್ದರೆ ಬಂಪರ್ ಮುರಿದು, ನಾಲ್ಕು ಜನಕ್ಕೆ ತರಚು ಗಾಯವಾಗಿ, ಟ್ರ್ಯಾಕ್ಟರ್ ಕಟ್ಟಿ ಎಳೆಸಿಕೊಂಡು ಮನೆಗೆ ಹೋಗುತ್ತಿದ್ದರು. ನಾಲೆಗೆ ಇಳಿದಿದ್ದಕ್ಕೆ ಹೆಣ ತೆಗೆಯಬೇಕಾಯಿತು. ತಪ್ಪು ಒಂದೇ, ಶಿಕ್ಷೆ ಬೇರೆ. ರಸ್ತೆಗೂ ನೀರಿಗೂ ನಡುವೆ ಏನಿರಬೇಕಿತ್ತು, ಅದನ್ನು ಯಾರು ಹಾಕಬೇಕಿತ್ತು ಎಂದು ಕೇಳಬೇಕಾದದ್ದು ಇಲ್ಲಿ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಷ್ ತೀರಿಕೊಂಡರು. ಜಿಲ್ಲೆಗೆ ಒಂದೇ ದಿನ ಎರಡು ಸೂತಕ. ಆಮೇಲೆ ಪರಿಹಾರ ಘೋಷಣೆ, ಅಧಿಕಾರಿಗಳ ಭೇಟಿ, ತಡೆಗೋಡೆಯ ಭರವಸೆ ಎಲ್ಲವೂ ಆದವು. 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಕಾರು ನಾಲೆಗೆ ಬಿದ್ದು ನಾಲ್ವರು ಮಹಿಳೆಯರು ಸತ್ತರು. ಅದೇ ವರ್ಷ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ಇನ್ನೊಂದು ಕಾರು, ಐವರು. 2025ರ ಫೆಬ್ರುವರಿಯಲ್ಲಿ ಮಂಡ್ಯ ತಾಲ್ಲೂಕಿನಲ್ಲಿ ಮತ್ತೊಂದು. ಜಾಗ ಬೇರೆ ಬೇರೆ, ನಾಲೆ ಒಂದೇ.

ಈ ನಾಲೆಯನ್ನು ಬಲ್ಲವರಿಗೆ ಗೊತ್ತು, ಇದು ಊರ ಹೊರಗೆ ಎಲ್ಲೋ ಹರಿಯುವ ಕಾಲುವೆ ಅಲ್ಲ. ಕನ್ನಂಬಾಡಿಯಿಂದ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯಿಂದ ಹೊರಟು, ಹುಲಿಕೆರೆ ಸುರಂಗ ದಾಟಿ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಕವಲೊಡೆಯುವ ಈ ನೀರಿನ ಏರಿಯೇ ಎಷ್ಟೋ ಹಳ್ಳಿಗಳಿಗೆ ರಸ್ತೆ. ನೀರಗಂಟಿ ಸೈಕಲ್ಲಿನಲ್ಲಿ ಓಡಾಡಲಿ, ಇಲಾಖೆಯ ಜೀಪು ಹೋಗಲಿ ಎಂದು ಮಾಡಿದ ಏರಿಯ ಮೇಲೆ ಡಾಂಬರು ಬಿತ್ತು. ಅದರ ಮೇಲೆ ಬಸ್ಸು ಬಂತು, ಶಾಲೆಯ ವ್ಯಾನು ಬಂತು, ಕಬ್ಬು ಅರೆಯುವ ಕಾಲದಲ್ಲಿ ಅಗಲಕ್ಕೂ ಎತ್ತರಕ್ಕೂ ಮಿತಿಯಿಲ್ಲದಂತೆ ತುಂಬಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ಬಂದವು. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ಕೆಂಪು ದೀಪವೂ ಇರುವುದಿಲ್ಲ. ಎದುರಿನ ಗಾಡಿಗೆ ಜಾಗ ಬಿಡಲು ಎಡಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಆ ಮಣ್ಣು ಕುಸಿಯುತ್ತದೆ. ನಿಯಂತ್ರಣ ತಪ್ಪುವುದು ಹೀಗೂ ಉಂಟು.

ಬಾಗಿಲು ತೆರೆಯದ ಲೆಕ್ಕ

ಕಾರು ನೀರಿಗೆ ಬಿದ್ದ ಕೂಡಲೇ ಮುಳುಗುವುದಿಲ್ಲ. ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದೆರಡು ನಿಮಿಷ ತೇಲುತ್ತದೆ, ಎಂಜಿನ್ ಇರುವ ಮುಂಭಾಗ ಮೊದಲು ತಗ್ಗುತ್ತದೆ. ಜೀವ ಉಳಿಯುವ ಹೊತ್ತು ಎಂದರೆ ನೀರು ಕಿಟಕಿಯ ಗಾಜಿನ ಅಂಚಿಗೆ ಬರುವವರೆಗಿನ ಈ ಮೊದಲ ಮೂವತ್ತರಿಂದ ಅರವತ್ತು ಸೆಕೆಂಡು. ಎಲ್ಲರೂ ಆಗ ಮಾಡುವ ತಪ್ಪು ಎರಡು: ಬಾಗಿಲು ತಳ್ಳುವುದು, ಫೋನ್ ಮಾಡುವುದು.

ಬಾಗಿಲು ಯಾಕೆ ತೆರೆಯದು ಎನ್ನುವುದಕ್ಕೆ ಲೆಕ್ಕ ಸುಲಭ. ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗಡೆ ಅರ್ಧ ಮೀಟರ್ ನೀರು ನಿಂತರೆ ಸುಮಾರು 125 ಕೆ.ಜಿ.ಯಷ್ಟು ಭಾರ ಒತ್ತುತ್ತದೆ. ಕಾರು ಪೂರ್ತಿ ಮುಳುಗಿ, ಒಳಗೆ ಇನ್ನೂ ಗಾಳಿ ಇದ್ದರೆ, ಅದು ಏಳೆಂಟು ಕ್ವಿಂಟಲ್‌ಗೆ ಏರುತ್ತದೆ. ಹತ್ತು ಮೂಟೆ ಭತ್ತವನ್ನು ಬಾಗಿಲಿಗೆ ಒರಗಿಸಿಟ್ಟು ಒಳಗಿನಿಂದ ತಳ್ಳಿದ ಹಾಗೆ. ಯಾವ ಗಟ್ಟಿಮುಟ್ಟಾದ ಆಳಿಗೂ ಆಗದ ಕೆಲಸ. ಆರಂಭದಲ್ಲೇ ಹೇಗೋ ಬಾಗಿಲು ತೆರೆದುಕೊಂಡರೂ ಕಷ್ಟವೇ: ನೀರು ಒಮ್ಮೆಲೇ ನುಗ್ಗಿ ಕಾರು ಕೆಲವೇ ಸೆಕೆಂಡಿನಲ್ಲಿ ಮುಳುಗುತ್ತದೆ, ಹಿಂದಿನ ಸೀಟಿನಲ್ಲಿ ಇರುವವರಿಗೆ ದಾರಿಯೇ ಇರುವುದಿಲ್ಲ.

ಆದ್ದರಿಂದ ದಾರಿ ಕಿಟಕಿ. ಸೀಟ್ ಬೆಲ್ಟ್ ಬಿಚ್ಚು, ಗಾಜು ಇಳಿಸು, ಹೊರಗೆ ಬಾ. ಮಕ್ಕಳಿದ್ದರೆ ಮಕ್ಕಳು ಮೊದಲು, ದೊಡ್ಡ ಮಗುವಿನಿಂದ ಶುರು. ಅದು ಕಾರಿನ ಮೇಲೆ ಹತ್ತಿ ಹಿಡಿದುಕೊಳ್ಳುತ್ತದೆ, ಚಿಕ್ಕದನ್ನು ಎತ್ತಿಕೊಂಡು ದೊಡ್ಡವರು ಹೊರಬರಬೇಕು. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಜನರನ್ನು ಕೂರಿಸಿ ಕಾರುಗಳನ್ನು ನೀರಿಗಿಳಿಸಿ ಪರೀಕ್ಷಿಸಿ ಹೇಳಿದ ಕ್ರಮ ಇದೇ. ಪವರ್ ವಿಂಡೋ ನೀರು ತಾಕಿದ ಕೂಡಲೇ ಕೈಕೊಡುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಬಹುತೇಕ ಕಾರುಗಳಲ್ಲಿ ಆ ಮೊದಲ ನಿಮಿಷ ಅದು ಕೆಲಸ ಮಾಡುತ್ತದೆ. ಆದರೆ ಹೊರಗಿನ ನೀರು ಗಾಜಿನ ಮಟ್ಟಕ್ಕೆ ಬಂದ ಮೇಲೆ ಆ ಒತ್ತಡಕ್ಕೆ ಗಾಜು ಚೌಕಟ್ಟಿಗೆ ಅಂಟಿ ಕೆಳಗಿಳಿಯುವುದಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಧೂಳಿಗೆ, ನಾಲೆ ಏರಿಯಲ್ಲಿ ಎ.ಸಿ. ತಂಪಿಗೆ ಗಾಜು ಏರಿಸಿಕೊಂಡು ಹೋಗುವ ಅಭ್ಯಾಸ ಎಲ್ಲರದೂ; ಏರಿಯ ಮೇಲೆ ಹೋಗುವಾಗ ಕನಿಷ್ಠ ಒಂದು ಪಕ್ಕದ ಗಾಜು ಇಳಿಸಿಕೊಂಡು ಹೋಗುವುದು ಖರ್ಚಿಲ್ಲದ ವಿಮೆ.

ಗಾಜು ಇಳಿಯದಿದ್ದರೆ ಒಡೆಯಬೇಕು. ಮುಂದಿನ ದೊಡ್ಡ ಗಾಜು ಒಡೆಯುವುದಿಲ್ಲ, ಅದರ ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಒದ್ದಷ್ಟೂ ಬಿರುಕು ಬಿಡುತ್ತದೆ ಹೊರತು ದಾರಿ ಬಿಡುವುದಿಲ್ಲ. ಪಕ್ಕದ ಗಾಜು ಸಾಮಾನ್ಯವಾಗಿ ಗಟ್ಟಿಗೊಳಿಸಿದ ಒಂದೇ ಪದರ. ಅದಕ್ಕೆ ಮೊನಚಾದ ತುದಿಯಿಂದ, ನಡುವೆ ಅಲ್ಲ, ಕೆಳ ಮೂಲೆಗೆ ಹೊಡೆದರೆ ಪುಡಿಪುಡಿಯಾಗಿ ಉದುರುತ್ತದೆ. ಮುಷ್ಟಿ, ಮೊಣಕೈ, ಮೊಬೈಲು ಯಾವುದರಿಂದಲೂ ಆಗದು. ಇನ್ನೂರು ಮುನ್ನೂರು ರೂಪಾಯಿಯ ಸ್ಪ್ರಿಂಗ್ ಪಂಚ್ ಅಥವಾ ಬೆಲ್ಟ್ ಕತ್ತರಿಸುವ ಬ್ಲೇಡು ಇರುವ ಸಣ್ಣ ಸುತ್ತಿಗೆ ಸಾಕು. ಅದು ಡಿಕ್ಕಿಯಲ್ಲೋ ಡ್ಯಾಶ್‌ಬೋರ್ಡ್ ಒಳಗೋ ಇದ್ದರೆ ಇಲ್ಲದ ಹಾಗೆಯೇ. ಡ್ರೈವರ್ ಬೆಲ್ಟ್ ಹಾಕಿಕೊಂಡೇ ಕೈ ಚಾಚಿದರೆ ಸಿಗುವ ಕಡೆ ಬಿಗಿಯಾಗಿ ಸಿಕ್ಕಿಸಿರಬೇಕು.

ಬಸ್ಸಿನ ಕತೆ ಬೇರೆ. ಎಡಕ್ಕೆ ವಾಲಿ ಬಿದ್ದರೆ ಹತ್ತಿ ಇಳಿಯುವ ಬಾಗಿಲು ನೆಲಕ್ಕೆ ಮುಖ ಮಾಡುತ್ತದೆ. ಉಳಿಯುವುದು ಬಲಗಡೆಯ ತುರ್ತು ಬಾಗಿಲು, ಹಿಂದಿನ ಗಾಜು, ಕಿಟಕಿಗಳು. ಹಳೆಯ ಬಸ್ಸುಗಳ ತುರ್ತು ಬಾಗಿಲಿನ ಮುಂದೆ ಸೀಟು ಹಾಕಿರುತ್ತಾರೆ, ಕೊಂಡಿ ತುಕ್ಕು ಹಿಡಿದಿರುತ್ತದೆ, ಕಿಟಕಿಗೆ ಅಡ್ಡಡ್ಡ ಕಬ್ಬಿಣದ ಸರಳು. ಎಫ್‌ಸಿಗೆ, ಅಂದರೆ ವಾಹನ ಓಡಲು ಯೋಗ್ಯ ಎಂಬ ಪತ್ರಕ್ಕೆ, ಬಂದಾಗ ಬ್ರೇಕು, ಹೊಗೆ ನೋಡುವ ಇನ್‌ಸ್ಪೆಕ್ಟರ್ ಆ ಬಾಗಿಲನ್ನು ಒಂದು ಕೈಯಿಂದ ತೆರೆದು ನೋಡಲು ಅರ್ಧ ನಿಮಿಷ ಸಾಕು. ಮಕ್ಕಳನ್ನು ಬಸ್ಸಿಗೆ ಹತ್ತಿಸುವ ತಂದೆ ತಾಯಿಯೂ ಅದನ್ನು ಕೇಳಿ ನೋಡಬಹುದು, ಕೇಳಬೇಕು.

ಏರಿಯ ಮೇಲೆ ನಿಂತವರ ಕೈಯಲ್ಲಿ

ಕಾರು ಬಿದ್ದ ಜಾಗಕ್ಕೆ ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಬರಬೇಕು, ಕ್ರೇನು ಮಂಡ್ಯದಿಂದಲೋ ಮೈಸೂರಿನಿಂದಲೋ ಬರಬೇಕು. ಎಷ್ಟು ಬೇಗ ಹೊರಟರೂ ಇಪ್ಪತ್ತು ಮೂವತ್ತು ನಿಮಿಷ. ಉಸಿರಿಲ್ಲದ ಮೆದುಳು ನಾಲ್ಕರಿಂದ ಆರು ನಿಮಿಷದಲ್ಲಿ ಕೆಡಲು ಶುರುವಾಗುತ್ತದೆ. ಇದು ಇಲಾಖೆಯ ಸಿಬ್ಬಂದಿಯ ಮೇಲಿನ ದೂರಲ್ಲ, ದೂರದ ಲೆಕ್ಕ. ನಾಲೆಯ ಸಾವಿನಲ್ಲಿ ಜೀವ ಉಳಿಸುವವರು ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ದನ ಮೇಯಿಸುತ್ತಿದ್ದವರು. ಅವರ ಕೈಗೆ ಏನು ಕೊಟ್ಟಿದ್ದೇವೆ ಎಂದರೆ, ಏನೂ ಇಲ್ಲ.

ಕಾಂಕ್ರೀಟ್ ಲೈನಿಂಗ್ ಆದ ನಾಲೆ ನೋಡಲು ಚೆಂದ, ನೀರು ಪೋಲಾಗದು, ಕೊನೇ ಭಾಗದ ರೈತನಿಗೂ ತಲುಪುತ್ತದೆ. ಆದರೆ ಆ ಇಳಿಜಾರಿನ ಮೇಲೆ ನೀರಿನ ಗೆರೆಯಲ್ಲಿ ಪಾಚಿ ಕಟ್ಟಿರುತ್ತದೆ. ಮಣ್ಣಿನ ನಾಲೆಯಾಗಿದ್ದಾಗ ಹುಲ್ಲೋ ಬೇರೋ ಕೈಗೆ ಸಿಗುತ್ತಿತ್ತು. ಇಲ್ಲಿ ಬೆರಳೂರಲು ಏನೂ ಇಲ್ಲ. ಈಜು ಬಲ್ಲವರೂ ದಡ ಮುಟ್ಟಿ, ಹತ್ತಲಾಗದೆ, ಸುಸ್ತಾಗಿ ಮುಳುಗುವುದು ಹೀಗೆ. ಕಾಪಾಡಲು ಹಾರಿದವರೂ ಸೇರಿ ಎರಡು ಹೆಣವಾಗುವುದೂ ಹೀಗೆ. ಲೈನಿಂಗ್ ಮಾಡುವಾಗಲೇ ಇನ್ನೂರು ಮುನ್ನೂರು ಮೀಟರಿಗೆ ಒಂದು ಕಡೆ ಮೆಟ್ಟಿಲು, ಅದರ ಪಕ್ಕ ನೀರಿನೊಳಗೆ ಇಳಿಬಿಟ್ಟ ಸರಪಳಿ ಹಾಕಿದರೆ ತಗಲುವ ಖರ್ಚು ಇಡೀ ಟೆಂಡರಿನಲ್ಲಿ ಕಾಣದಷ್ಟು ಸಣ್ಣದು.

ಹಾಗಾಗಿ ಮೊದಲ ನಿಯಮ, ಹಾರಬಾರದು. ಎಸೆಯಬೇಕು. ಇಪ್ಪತ್ತೈದು ಮೀಟರ್ ನೈಲಾನ್ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿದ ಖಾಲಿ ಇಪ್ಪತ್ತು ಲೀಟರ್ ಕ್ಯಾನು ಅಥವಾ ಗಾಳಿ ತುಂಬಿದ ಟ್ಯೂಬು. ಕ್ಯಾನಿಗೆ ಒಂದು ಲೋಟದಷ್ಟು ನೀರು ಬಿಟ್ಟರೆ ಗಾಳಿಗೆ ಹಾರದೆ ನೇರ ಹೋಗುತ್ತದೆ. ಎಸೆಯುವುದು ಮುಳುಗುತ್ತಿರುವವರ ಮೈಮೇಲಲ್ಲ, ಅವರಿಗಿಂತ ಸ್ವಲ್ಪ ಮುಂದಕ್ಕೆ, ಹರಿವಿನ ಕೆಳಬದಿಗೆ. ಹಗ್ಗದ ಈ ತುದಿಯನ್ನು ಕೈಗೆ ಸುತ್ತಿಕೊಳ್ಳಬಾರದು. ಮರಕ್ಕೋ ಟ್ರ್ಯಾಕ್ಟರಿಗೋ ಕಟ್ಟಬೇಕು, ಇಲ್ಲವಾದರೆ ಇಬ್ಬರು ಕೂತು ಹಿಡಿಯಬೇಕು. ಹಗ್ಗವಿಲ್ಲದಾಗ ಎರಡು ಸೀರೆ ಗಂಟು ಹಾಕಿದರೂ ಹತ್ತು ಮೀಟರ್ ಆಗುತ್ತದೆ.

ಜನ ಬಿದ್ದ ಜಾಗದಲ್ಲೇ ಗುಂಪುಗೂಡಿ ಹುಡುಕುವುದು ಇನ್ನೊಂದು ತಪ್ಪು. ಸೆಕೆಂಡಿಗೆ ಒಂದು ಮೀಟರ್ ಹರಿವಿದ್ದರೆ ಕಾರಿನಿಂದ ಹೊರಬಂದವರು ನಿಮಿಷಕ್ಕೆ ಅರವತ್ತು ಮೀಟರ್ ಕೊಚ್ಚಿ ಹೋಗುತ್ತಾರೆ, ಹತ್ತು ನಿಮಿಷಕ್ಕೆ ಅರ್ಧ ಕಿಲೋಮೀಟರ್ ದಾಟಿರುತ್ತಾರೆ. ಬೈಕ್ ಇರುವ ಇಬ್ಬರು ಕೂಡಲೇ ಹಗ್ಗ ಹಿಡಿದು ಕೆಳಗಿನ ಸೇತುವೆಗೆ ಓಡಬೇಕು. ಕಾರನ್ನು ಟ್ರ್ಯಾಕ್ಟರಿನಿಂದ ಎಳೆಯುವ ಮೊದಲು ಒಳಗೆ ಎಷ್ಟು ಜನ, ಎಷ್ಟು ಜನ ಹೊರಬಂದರು ಎಂದು ಒಬ್ಬರು ಎಣಿಸಬೇಕು. ಅರ್ಧ ಕಿಟಕಿಯಲ್ಲಿ ಸಿಕ್ಕಿಕೊಂಡವರಿದ್ದಾಗ ಕಾರನ್ನು ಹೊರಳಿಸಿದರೆ ಅವರು ಅಡಿಗೆ ಸಿಗುತ್ತಾರೆ.

‘ಡ್ಯಾಮಿನಲ್ಲಿ ನೀರು ನಿಲ್ಲಿಸಿ’ ಎಂಬ ಕೂಗು ಪ್ರತಿ ಬಾರಿ ಏಳುತ್ತದೆ. ಕೆಆರ್‌ಎಸ್‌ನಲ್ಲಿ ಗೇಟು ಇಳಿಸಿದ ಕ್ಷಣ ಮೂವತ್ತಾರು ಕಿಲೋಮೀಟರ್ ಕೆಳಗೆ ನೀರು ತಗ್ಗುವುದಿಲ್ಲ. ಅದೇ ಸೆಕೆಂಡಿಗೆ ಒಂದು ಮೀಟರಿನ ಲೆಕ್ಕದಲ್ಲಿ ಹತ್ತು ಗಂಟೆ ಬೇಕು. ಬೇಕಾದದ್ದು ಬಿದ್ದ ಜಾಗದ ಮೇಲ್ಗಡೆ ಇರುವ ಹತ್ತಿರದ ಗೇಟಿನಲ್ಲಿ ನೀರನ್ನು ಹಳ್ಳಕ್ಕೆ ತಿರುಗಿಸುವುದು. ಆ ಗೇಟಿನ ಕೀಲಿ ಯಾರ ಬಳಿ ಇದೆ, ರಾತ್ರಿ ಹನ್ನೊಂದಕ್ಕೆ ಅವರ ಫೋನು ಎತ್ತುವವರು ಯಾರು ಎಂಬುದು ಪ್ರತಿ ಪೊಲೀಸ್ ಠಾಣೆಯ ಗೋಡೆಯ ಮೇಲೆ ಬರೆದಿರಬೇಕಾದ ಮಾಹಿತಿ.

112ಕ್ಕೆ ಕರೆ ಮಾಡುವವರು ‘ನಾಲೆಗೆ ಕಾರು ಬಿದ್ದಿದೆ, ಬೇಗ ಬನ್ನಿ’ ಎಂದು ಇಟ್ಟುಬಿಡುತ್ತಾರೆ. ಹತ್ತಾರು ಹಳ್ಳಿಯ ಪಕ್ಕ ಹರಿಯುವ ನಾಲೆ ಅದು. ತಾಲ್ಲೂಕು, ಹೋಬಳಿ, ಊರು, ಯಾವ ಸೇತುವೆಯಿಂದ ಎಷ್ಟು ದೂರ, ಮೇಲಕ್ಕೋ ಕೆಳಕ್ಕೋ, ನೀರು ಹರಿಯುವ ದಿಕ್ಕಿಗೆ ಮುಖ ಮಾಡಿದರೆ ಎಡ ಏರಿಯೋ ಬಲ ಏರಿಯೋ, ಎಷ್ಟು ಜನ. ಇಷ್ಟು ಹೇಳಿದರೆ ವಾಹನ ಎದುರು ದಡಕ್ಕೆ ಬಂದು ಸುತ್ತಿ ಬರುವ ಗೋಳು ತಪ್ಪುತ್ತದೆ. ನಾಲೆಯ ದೂರ ಬರೆದ ಕಲ್ಲುಗಳು ಇಲಾಖೆಯ ಅಳತೆಗೆ ಇವೆ. ಅದೇ ಸಂಖ್ಯೆಯನ್ನು ಒಂದು ಅಡಿ ಎತ್ತರದ ಅಕ್ಷರದಲ್ಲಿ, ರಾತ್ರಿ ಹೊಳೆಯುವ ಬಣ್ಣದಲ್ಲಿ ಏರಿಯ ಮೇಲೆ ಬರೆದರೆ ಪರ ಊರಿನವನೂ ಜಾಗ ಹೇಳಬಲ್ಲ.

ಹೊಟ್ಟೆ ಒತ್ತುವುದು, ಉಪ್ಪು ಮುಚ್ಚುವುದು

ನೀರಿನಿಂದ ಎತ್ತಿದ ಮೇಲೆ ನಡೆಯುವ ತಪ್ಪುಗಳೇ ಮನಸ್ಸಿಗೆ ಹೆಚ್ಚು ನೋವು ಕೊಡುವುವು, ಯಾಕೆಂದರೆ ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಾರೆ. ಬೋರಲು ಹಾಕಿ ಹೊಟ್ಟೆ ಒತ್ತುತ್ತಾರೆ. ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುತ್ತಾರೆ. ಹೊರಬರುವ ನೀರು ಶ್ವಾಸಕೋಶದ್ದಲ್ಲ, ಹೊಟ್ಟೆಯದು. ಅದರ ಜೊತೆ ಉಂಡ ಅನ್ನವೂ ಗಂಟಲಿಗೆ ಬಂದು ಉಸಿರಿನ ದಾರಿ ಕಟ್ಟುತ್ತದೆ. ಇನ್ನು ಕ್ವಿಂಟಲ್‌ಗಟ್ಟಲೆ ಉಪ್ಪಿನಲ್ಲಿ ಹೂತರೆ ಸತ್ತವರು ಏಳುತ್ತಾರೆ ಎಂಬ ವಾಟ್ಸಾಪ್ ಸಂದೇಶ ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕೂತ ತಂದೆ ತಾಯಿಯರಿದ್ದಾರೆ. ಉಪ್ಪು ಏನನ್ನೂ ಹೀರಿ ಜೀವ ಕೊಡುವುದಿಲ್ಲ.

ಮುಳುಗಿದವರಿಗೆ ನಿಂತಿರುವುದು ಮೊದಲು ಉಸಿರು, ಆಮೇಲೆ ಹೃದಯ. ಆದ್ದರಿಂದ ಶುರು ಮಾಡುವುದೂ ಉಸಿರಿನಿಂದ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಹಣೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಹಚ್ಚಿ ಎದೆ ಏಳುವಷ್ಟು ಊದಬೇಕು. ಮೊದಲಿಗೆ ಎರಡು ಸಲ ಎಂದು ಕೆಲವು ತರಬೇತಿಯವರು, ಐದು ಸಲ ಎಂದು ಕೆಲವರು ಹೇಳುತ್ತಾರೆ. ಎರಡೂ ನಡೆಯುತ್ತದೆ, ಬಿಡುವುದು ಮಾತ್ರ ಕೂಡದು. ಆಮೇಲೆ ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡ ಇಟ್ಟು, ಮೊಣಕೈ ಮಡಚದೆ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ಗತಿಯಲ್ಲಿ ಮೂವತ್ತು ಸಲ ಒತ್ತಬೇಕು, ಎರಡು ಸಲ ಊದಬೇಕು. ಮಗುವಿಗೆ ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳ. ಬಾಯಲ್ಲಿ ನೊರೆ ಬರುತ್ತಲೇ ಇರುತ್ತದೆ, ಅದನ್ನು ಒರೆಸುತ್ತಾ ಹೊತ್ತು ಕಳೆಯಬಾರದು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಸುಸ್ತಾದ ಕೈ ಆಳ ಮುಟ್ಟುವುದಿಲ್ಲ. 108ರವರು ಬರುವವರೆಗೆ ನಿಲ್ಲಿಸಬಾರದು.

ಉಸಿರು ಮರಳಿದವರನ್ನು ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಕಂಬಳಿ ಹೊದಿಸಬೇಕು. ‘ಹುಷಾರಾದ, ಮನೆಗೆ ಕರೆದುಕೊಂಡು ಹೋಗೋಣ’ ಎನ್ನುವಂತಿಲ್ಲ. ನೀರು ಕುಡಿದ ಶ್ವಾಸಕೋಶ ಕೆಲವು ಗಂಟೆ ಕಳೆದು ಊದಿಕೊಂಡು ಉಸಿರು ಕಟ್ಟಬಹುದು. ಆರರಿಂದ ಎಂಟು ಗಂಟೆಯಾದರೂ ಆಸ್ಪತ್ರೆಯಲ್ಲಿ, ಆಮ್ಲಜನಕ ಅಳೆಯುವ ಯಂತ್ರದ ಕಣ್ಣಳತೆಯಲ್ಲಿ ಇರಬೇಕು. 108ಕ್ಕೆ ಹೇಳುವಾಗ ‘ಅಪಘಾತ’ ಎನ್ನದೆ ‘ನೀರಿನಲ್ಲಿ ಮುಳುಗಿದವರು’ ಎನ್ನಬೇಕು. ಸಿಬ್ಬಂದಿ ಆಕ್ಸಿಜನ್ ಸಿದ್ಧ ಮಾಡಿಕೊಂಡೇ ಇಳಿಯುತ್ತಾರೆ.

ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಭಯ ಇನ್ನೂ ಹೋಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಪ್ರಕಾರ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಹೊಣೆಯೂ ಬರುವುದಿಲ್ಲ. ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಪೊಲೀಸರ, ಕಾನೂನಿನ ಔಪಚಾರಿಕತೆ ಮೊದಲು ಮುಗಿಯಲಿ ಎಂದು ಗಾಯಾಳುವಿಗೆ ಚಿಕಿತ್ಸೆ ತಡೆಯುವಂತಿಲ್ಲ ಎಂಬುದು 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿನ ತಿರುಳು. ಸರ್ಕಾರಿ, ಖಾಸಗಿ ಎಂಬ ಭೇದ ಅದಕ್ಕಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಇದೆ. ಇದಕ್ಕೆ ಪೊಲೀಸರ ದೃಢೀಕರಣ ಬೇಕು. ಹಾಗಾಗಿ ನಾಲೆಗೆ ಬಿದ್ದದ್ದನ್ನು ಬರೀ ‘ಮುಳುಗಿ ಸಾವು’ ಎಂದಲ್ಲ, ರಸ್ತೆ ಅಪಘಾತ ಎಂದೇ ದಾಖಲಿಸುವುದು ಮುಖ್ಯ.

ಕಬ್ಬಿಣದ ಬೇಲಿ, ಸಡಿಲ ಮಣ್ಣು

ತಡೆಗೋಡೆ ಎಂದರೆ ನಮ್ಮಲ್ಲಿ ಮೂರು ಬಗೆ. ಒಂದೂವರೆ ಅಡಿ ಎತ್ತರದ ಸೈಜುಗಲ್ಲಿನ ಕಟ್ಟೆ, ಬಿಳಿ ಕಪ್ಪು ಬಣ್ಣ ಬಳಿದ ಗೂಟಗಲ್ಲು, ಮತ್ತು ಅಲೆಯಾಕಾರದ ಕಬ್ಬಿಣದ ತಗಡಿನ ಬೇಲಿ. ಮೊದಲ ಎರಡು ಕಣ್ಣಿಗೆ ಅಂಚು ತೋರಿಸುತ್ತವೆ, ಬಸ್ಸನ್ನಂತೂ ತಡೆಯುವುದಿಲ್ಲ. ಮೂರನೆಯದು ಕಾರನ್ನು ತಡೆಯಬಲ್ಲದು, ಸರಿಯಾಗಿ ಹಾಕಿದ್ದರೆ.

ಸರಿಯಾಗಿ ಎಂದರೆ ಇಷ್ಟು. ಕಂಬದಿಂದ ಕಂಬಕ್ಕೆ ಎರಡು ಮೀಟರ್. ಕಂಬದ ಉದ್ದ 1.8 ಮೀಟರ್, ಅದರಲ್ಲಿ 1.1 ಮೀಟರ್ ನೆಲದೊಳಗೆ, 70 ಸೆಂಟಿಮೀಟರ್ ಮೇಲೆ. ಬಡಿದಾಗ ಬೇಲಿ ಹಿಂದಕ್ಕೆ ಬಾಗಿ ಕಾರಿನ ವೇಗ ಕುಡಿಯಬೇಕು. ಹಾಗಾಗಿ ಹಿಂದೆ ಜಾಗವೂ ಕಂಬ ಹಿಡಿಯುವ ಗಟ್ಟಿ ಮಣ್ಣೂ ಬೇಕು. ನಾಲೆ ಏರಿಯಲ್ಲಿ ಇಲ್ಲದಿರುವುದು ಅದೇ. ಏರಿಯ ತುಟಿಯಲ್ಲಿ, ಸಡಿಲ ತುಂಬುಮಣ್ಣಿನಲ್ಲಿ ನೆಟ್ಟ ಕಂಬ ಕಾರಿನ ಜೊತೆ ತಾನೂ ನೀರಿಗೆ ಹೋಗುತ್ತದೆ. ಅಂಥ ಕಡೆ ಏರಿಯನ್ನು ಅಗಲ ಮಾಡಬೇಕು, ಇಲ್ಲವೇ ಅಡಿಪಾಯದ ಸಮೇತ ಕಾಂಕ್ರೀಟ್ ಗೋಡೆಯೇ ಬೇಕು. ತಗಡಿನ ಜೋಡಣೆ ವಾಹನ ಹೋಗುವ ದಿಕ್ಕಿಗೆ ಒಂದರ ಮೇಲೊಂದು ಕೂರಬೇಕು. ಉಲ್ಟಾ ಕೂತರೆ ಅಂಚು ಕಾರನ್ನು ಸಿಗಿಯುತ್ತದೆ. ಬೇಲಿಯ ಕೊನೆ ರಸ್ತೆಗೆ ಮುಖ ಮಾಡಿ ಬರಿದಾಗಿ ನಿಂತಿರಬಾರದು, ಹೊರಕ್ಕೆ ಬಾಗಿಸಿ ನೆಲಕ್ಕೆ ಹೂಳಬೇಕು. ಇದೆಲ್ಲ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 119ನೇ ಸಂಖ್ಯೆಯ ಮಾರ್ಗಸೂಚಿ ಮತ್ತು ರಸ್ತೆ ಸಾರಿಗೆ ಸಚಿವಾಲಯದ ಕಾಮಗಾರಿ ನಿಯಮಗಳ ವಿಷಯ, ಎಂಜಿನಿಯರುಗಳಿಗೆ ಹೊಸದಲ್ಲ.

ಬೇಲಿಗಿಂತ ಮುಂಚೆ ಬೆಳಕು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಚಾಲಕ ನೋಡಿ, ಕಾಲು ಬ್ರೇಕಿಗೆ ಬರುವಷ್ಟರಲ್ಲಿ 25 ಮೀಟರ್, ನಿಲ್ಲಲು ಇನ್ನು ಇಪ್ಪತ್ತಕ್ಕೂ ಹೆಚ್ಚು. ಡಿಮ್ ದೀಪ ಚೆನ್ನಾಗಿ ತೋರಿಸುವುದು ನಲವತ್ತು ಮೀಟರ್ ಆಸುಪಾಸು. ಊರಿನಿಂದ ನೇರ ಬರುವ ರಸ್ತೆ ನಾಲೆಗೆ ತಾಕಿ ಒಮ್ಮೆಲೇ ಏರಿಗುಂಟ ತಿರುಗುವ ಜಾಗಗಳಲ್ಲಿ, ಹೊಸಬರಿಗೆ ತಿರುವು ಕಾಣುವ ಹೊತ್ತಿಗೆ ನಿಲ್ಲಿಸುವ ದೂರ ಕಳೆದುಹೋಗಿರುತ್ತದೆ. ದೂರದ ಊರಿನಿಂದ ಮದುವೆಗೋ ನೆಂಟರ ಮನೆಗೋ ಬಂದು ಹೋಗುವವರಿಗೆ ಈ ತಿರುವುಗಳು ಹೆಚ್ಚು ಅಪಾಯ. ನೂರು ಮೀಟರ್ ಮುಂಚೆ ಒಂದು ಸೂಚನಾ ಫಲಕ, ತಿರುವಿನಲ್ಲಿ ಬಾಣದ ಗುರುತಿನ ಹೊಳೆಯುವ ಪಟ್ಟಿ, ಅಂಚಿಗೆ ಬಿಳಿ ಗೆರೆ, ಅಡ್ಡಕ್ಕೆ ಚಕ್ರ ಅದುರಿಸಿ ಎಚ್ಚರಿಸುವ ರಂಬಲ್ ಪಟ್ಟಿ. ತಡೆಗೋಡೆಯ ಅನುದಾನಕ್ಕೆ ಕಾಯದೆ ಹದಿನೈದು ದಿನದಲ್ಲಿ ಮುಗಿಸಬಹುದಾದ ಕೆಲಸ.

‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಸಾಲು ಸಾಲು ಸಾವು ಕಂಡಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಹೊರಗಿಟ್ಟರು, ವೇಗಕ್ಕೆ ನೂರರ ಮಿತಿ ಹಾಕಿ ಕ್ಯಾಮೆರಾ ಕೂರಿಸಿದರು, ಸಾವು ಇಳಿಯಿತು. ಆ ರಸ್ತೆಗೆ ಒಬ್ಬ ಒಡೆಯ ಇದ್ದ, ಹೆದ್ದಾರಿ ಪ್ರಾಧಿಕಾರ. ಪ್ರಶ್ನೆ ಯಾರಿಗೆ ಕೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು. ನಾಲೆ ಏರಿಗೆ ಒಡೆಯರು ಹಲವರು. ನಾಲೆ, ಏರಿ ಕಾವೇರಿ ನೀರಾವರಿ ನಿಗಮದ್ದು. ಮೇಲಿನ ಡಾಂಬರು ಒಂದು ಕಡೆ ಲೋಕೋಪಯೋಗಿ ಇಲಾಖೆಯದು, ಇನ್ನೊಂದು ಕಡೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು, ಮತ್ತೊಂದು ಕಡೆ ನಿಗಮದ್ದೇ. ಅರ್ಜಿ ಹಿಡಿದು ಹೋದವರಿಗೆ ಪ್ರತಿ ಕಚೇರಿಯಲ್ಲೂ ಸಿಗುವ ಉತ್ತರ ಇದರ ಫಲ.

ಲೆಕ್ಕದ ಪದ್ಧತಿಯೂ ನಾಲೆಯನ್ನು ಮರೆಮಾಡುತ್ತದೆ. ಕೇಂದ್ರ ಸಚಿವಾಲಯದ ವ್ಯಾಖ್ಯೆಯಲ್ಲಿ ಬ್ಲ್ಯಾಕ್ ಸ್ಪಾಟ್ ಎಂದರೆ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಐದು ತೀವ್ರ ಅಪಘಾತ ಅಥವಾ ಹತ್ತು ಸಾವು. ನಾಲೆಯ ಅಪಘಾತ ಒಂದು ಸಲ ಇಲ್ಲಿ, ಇನ್ನೊಂದು ಸಲ ಎಂಟು ಕಿಲೋಮೀಟರ್ ಆಚೆ. ಯಾವ ಒಂದು ಜಾಗವೂ ‘ಸ್ಪಾಟ್’ ಆಗುವುದಿಲ್ಲ. ಇಲ್ಲಿ ಅಪಾಯ ಚುಕ್ಕೆಯಲ್ಲ, ಗೆರೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇಡೀ ನಾಲೆಯನ್ನು ಒಂದೇ ಅಪಾಯದ ಸ್ಥಳವೆಂದು ಎಣಿಸಿ, ಯಾವ ಕಿಲೋಮೀಟರು ಯಾರದ್ದು ಎಂದು ಪಟ್ಟಿ ಹೊರಡಿಸುವವರೆಗೆ ಇದು ಹೀಗೇ ಇರುತ್ತದೆ.

ಹೊಣೆ ಹೊರಿಸಲು ಕಾನೂನಿದೆ. ಮೋಟಾರು ವಾಹನ ಕಾಯ್ದೆಯ 198ಎ ಕಲಂ: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಹೊತ್ತ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ, ಸಲಹೆಗಾರನಿಗೆ ಒಂದು ಲಕ್ಷದವರೆಗೆ ದಂಡ. ಮೊತ್ತ ಸಣ್ಣದು, ಜೀವಕ್ಕೆ ಹೋಲಿಸಿದರೆ ನಾಚಿಕೆಯಷ್ಟು ಸಣ್ಣದು. ಆದರೆ ಕೋರ್ಟು ಏನನ್ನು ನೋಡಬೇಕು ಎಂದು ಅದೇ ಕಲಂ ಹೇಳುವ ಮಾತುಗಳಲ್ಲಿ ಒಂದು ಬಹಳ ತೂಕದ್ದು: ಆ ಜಾಗ ಅಪಾಯಕಾರಿ ಎಂದು ಪ್ರಾಧಿಕಾರಕ್ಕೆ ಗೊತ್ತಿತ್ತೇ, ಗೊತ್ತಿರಬೇಕಿತ್ತೇ?

ಗೊತ್ತಿತ್ತು ಎಂದು ತೋರಿಸುವ ಕಾಗದ ಅಪಘಾತಕ್ಕೆ ಮುಂಚೆ ಇರಬೇಕು. ಬಾಯಿಮಾತಿನ ದೂರು, ಶಾಸಕರ ಮುಂದೆ ಹೇಳಿದ್ದು, ರಸ್ತೆ ತಡೆ ಯಾವುದೂ ಆ ಜಾಗಕ್ಕೆ ಬರುವುದಿಲ್ಲ. ಗ್ರಾಮ ಪಂಚಾಯಿತಿಯ ನಿರ್ಣಯ, ಅದರ ಜೊತೆ ಒಂದು ಪುಟದ ಪತ್ರ ಬರುತ್ತದೆ. ಪತ್ರದಲ್ಲಿ ಇರಬೇಕಾದದ್ದು: ನಾಲೆಯ ಕಲ್ಲಿನ ಸಂಖ್ಯೆ ಅಥವಾ ಸೇತುವೆಯಿಂದ ದೂರ, ಮೊಬೈಲಿನ ಜಿಪಿಎಸ್ ಗುರುತಿರುವ ಹಗಲಿನ ಒಂದು, ರಾತ್ರಿಯ ಒಂದು ಚಿತ್ರ, ಟೇಪು ಹಿಡಿದು ಅಳೆದ ಡಾಂಬರಿನ ಅಗಲ, ಡಾಂಬರಿನ ಅಂಚಿನಿಂದ ನೀರಿಗೆ ಇರುವ ದೂರ, ತಡೆ ಇದೆಯೇ, ಇದ್ದರೆ ಎತ್ತರ, ಹಿಂದೆ ಅಲ್ಲಿ ಬಿದ್ದ ವಾಹನಗಳ ದಿನಾಂಕ. ಮೂರೂ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್‌ಗಳಿಗೆ ಒಂದೇ ಪತ್ರ, ಪ್ರತಿ ಜಿಲ್ಲಾಧಿಕಾರಿಗೆ. ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಬೇಕು. ಮೂವತ್ತು ದಿನ ಕಳೆದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಒಂದೇ ಪ್ರಶ್ನೆ: ಈ ಇನ್‌ವರ್ಡ್ ನಂಬರಿನ ಪತ್ರದ ಮೇಲೆ ಕೈಗೊಂಡ ಕ್ರಮದ ಕಡತದ ನಕಲು ಕೊಡಿ. ‘ನಮ್ಮ ರಸ್ತೆ ಅಲ್ಲ’ ಎಂದು ಬರೆದುಕೊಟ್ಟರೆ ಅದೂ ಒಳ್ಳೆಯದೇ, ಉಳಿದವರು ಯಾರೆಂದು ಗೊತ್ತಾಗುತ್ತದೆ.

ಮನೆಯವರನ್ನು ಕಳೆದುಕೊಂಡವರಿಗೆ ಎರಡು ವಿಷಯ ಬೇಗ ತಿಳಿಯಬೇಕು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಈಗ ಆರು ತಿಂಗಳ ಗಡುವು ಇದೆ. ಮತ್ತು ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಒಳಗೆ ಕೂತವರಿಗೆ ಅದರಿಂದ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಪ್ಯಾಕೇಜ್ ಪಾಲಿಸಿ ಬೇಕು. ನವೀಕರಿಸುವಾಗ ಸಾವಿರ ಎರಡು ಸಾವಿರ ಉಳಿಸಲು ಹೋಗಿ ಇದನ್ನು ಬಿಡುವವರೇ ಹೆಚ್ಚು.

ಪತ್ರ ಕೊಡುವುದಕ್ಕೂ ಒಂದು ಕಾಲವಿದೆ. ನಾಲೆಯಲ್ಲಿ ನೀರು ಹರಿಯುವಾಗ ಏರಿಯ ಅಂಚಿನ ಕೆಲಸ ನಡೆಯದು. ಬೆಳೆಗೆ ನೀರು ನಿಲ್ಲಿಸಿದ ಬೇಸಗೆಯ ತಿಂಗಳುಗಳಲ್ಲೇ ಲೈನಿಂಗ್, ದುರಸ್ತಿ, ಹೂಳೆತ್ತುವ ಕಾಮಗಾರಿ ಆಗುವುದು, ಅದರ ಅಂದಾಜುಪಟ್ಟಿ ತಯಾರಾಗುವುದು ಅದಕ್ಕೂ ಕೆಲವು ತಿಂಗಳು ಮುಂಚೆ. ಮೆಟ್ಟಿಲು, ಸರಪಳಿ, ತಡೆಗೋಡೆ, ಏರಿಯ ಅಗಲ ಆ ಅಂದಾಜುಪಟ್ಟಿಯೊಳಗೆ ಒಂದು ಸಾಲಾಗಿ ಸೇರಬೇಕಾದರೆ ಪಂಚಾಯಿತಿಯ ಪತ್ರ ದೀಪಾವಳಿಯ ಆಸುಪಾಸಿಗೆ ಕಚೇರಿಯ ಮೇಜಿನ ಮೇಲೆ, ಸೀಲು ಬಿದ್ದು, ಇರಬೇಕು.